ಬಿರುದು ಕೊಡಿ, ಜೊತೆಗೊಂದು ಟೈಮ್‌ಟೇಬಲ್ಲನ್ನೂ ಕೊಡಿ

ದೇಶದ ಮೂರೂ ವಿಜ್ಞಾನ ಅಕಾಡೆಮಿಗಳ ಅಧ್ಯಕ್ಷರಿಗೆ ಮತ್ತು ಆಡಳಿತ ಮಂಡಳಿಯವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಸರ್ಕಾರಿ ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು. ಕೆಲಸಕ್ಕೆ ಸೇರಿದಾಗ ಉಪನ್ಯಾಸಕ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) ಆರನೇ ವೇತನ ಪರಿಷ್ಕರಣೆ ಬಂದಾಗ ಹುದ್ದೆಗಳ ಹೆಸರೇ ಬದಲಾಗಿ, ಒಂದು ಸುತ್ತೋಲೆಯಲ್ಲಿ ನಾವೆಲ್ಲ ಸಹಾಯಕ ಪ್ರಾಧ್ಯಾಪಕರೋ ಸಹ ಪ್ರಾಧ್ಯಾಪಕರೋ ಆಗಿಬಿಟ್ಟೆವು. ಹಿಂದಿನ ದಿನ ನ್ಯೂಟನ್ನನ ಉಂಗುರಗಳ ಪಾಠ ಅರ್ಧಕ್ಕೆ ನಿಂತಿತ್ತು. ಮರುದಿನ ಪ್ರಾಧ್ಯಾಪಕನಾಗಿ ಉಳಿದರ್ಧ ಮುಗಿಸಿದೆ. ಉಂಗುರಗಳ ವ್ಯಾಸದಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ.

ಹಾಗಾಗಿ ಬಿರುದುಗಳ ಬಗ್ಗೆ ನನಗೆ ದೊಡ್ಡ ಭಕ್ತಿಯೂ ಇಲ್ಲ, ಸಿಟ್ಟೂ ಇಲ್ಲ. ಆದರೆ ನಿಮ್ಮ ಅಕಾಡೆಮಿಗಳು ವಿಜ್ಞಾನಿಗಳಿಗೆ ಕೊಡುವ 'ಪ್ರಾಧ್ಯಾಪಕ' ಎಂಬ ಪದವಿಯ ಬಗ್ಗೆ ಒಂದು ಮಾತು ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಮೂರು ಅಕಾಡೆಮಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. 1930ರಲ್ಲಿ ಅಲಹಾಬಾದಿನಲ್ಲಿ ಮೇಘನಾದ ಸಾಹಾ ಒಂದು ಅಕಾಡೆಮಿ, 1934ರಲ್ಲಿ ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಇನ್ನೊಂದು, ಮರುವರ್ಷ ಕಲ್ಕತ್ತೆಯಲ್ಲಿ ಮೂರನೆಯದು. ಐದು ವರ್ಷದೊಳಗೆ ಮೂರು ಏಕೆ ಬೇಕಾದವು ಎಂಬುದು ದೊಡ್ಡವರ ಜಗಳದ ಕಥೆ, ಇಲ್ಲಿ ಬೇಡ. ಈಗ ನೀವು ಮೂವರೂ ಸೇರಿ ಕಾಲೇಜುಗಳಲ್ಲಿ ಉಪನ್ಯಾಸ ಕಾರ್ಯಾಗಾರ, ಮೇಷ್ಟ್ರುಗಳಿಗೆ ರಿಫ್ರೆಶರ್ ಕೋರ್ಸ್, ವಿದ್ಯಾರ್ಥಿಗಳಿಗೆ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತೀರಿ. ಅಂಥ ಒಂದು ಕಾರ್ಯಾಗಾರದಿಂದಲೇ ಈ ಪತ್ರದ ಮೊದಲ ಸಾಲು ಹುಟ್ಟಿತು.

ಆಗ ನಾನಿನ್ನೂ ಸೇವೆಯಲ್ಲಿದ್ದೆ. ಆಹ್ವಾನ ಪತ್ರಿಕೆಯ ಪ್ರೂಫ್ ನನ್ನ ಮೇಜಿಗೆ ಬಂತು. ಮುಖ್ಯ ಅತಿಥಿ ರಾಷ್ಟ್ರೀಯ ಪ್ರಯೋಗಾಲಯವೊಂದರಿಂದ ನಿವೃತ್ತರಾದ ವಿಜ್ಞಾನಿ. ಅಕಾಡೆಮಿಯೊಂದು ಅವರಿಗೆ ಸಂಶೋಧನಾ ಪ್ರಾಧ್ಯಾಪಕ ಪದವಿ ಕೊಟ್ಟಿತ್ತು. ಪ್ರಿನ್ಸಿಪಾಲರು ಹೆಸರಿನ ಮುಂದೆ 'ಪ್ರೊ. ಡಾ.' ಹಾಕಿಸಿ, ಹಿಂದೆ ಮೂರು ಅಕಾಡೆಮಿಗಳ ಫೆಲೋಶಿಪ್ಪಿನ ಅಕ್ಷರಗಳನ್ನೂ ಪೋಣಿಸಿದ್ದರು. ಹೆಸರು ಎರಡು ಸಾಲು ಹಿಡಿದು, ಕಾರ್ಡಿನಲ್ಲಿ ಊಟದ ಸಮಯಕ್ಕೆ ಜಾಗ ಉಳಿದಿರಲಿಲ್ಲ. ಯಾವುದು ಇಡೋಣ, ಯಾವುದು ತೆಗೆಯೋಣ ಎಂದು ಫೋನ್ ಮಾಡಿದೆ. 'ಏನೂ ಬೇಡ, ಬರೀ ಹೆಸರು ಸಾಕು' ಅನ್ನುತ್ತಾರೆಂದು ನಾನು ಎಣಿಸಿದ್ದೆ. ಆ ವಿನಯದ ಮಾತು ಬರಲಿಲ್ಲ.

'ಪ್ರೊ. ಅನ್ನೋದು ಇರಲಿ ಮೇಷ್ಟ್ರೇ, ಉಳಿದದ್ದು ಕಿತ್ತುಹಾಕಿ. ಮೂವತ್ತೆರಡು ವರ್ಷ ನಾನು ಬರೀ ಅಕ್ಷರ ಆಗಿದ್ದೆ' ಅಂದರು.

ಪ್ರಯೋಗಾಲಯಗಳ ಹತ್ತಿರ ಸುಳಿಯದವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಅಲ್ಲಿ ಬಡ್ತಿ ಎಂದರೆ ಅಕ್ಷರ ಬದಲಾಗುವುದು. ವಿಜ್ಞಾನಿ 'ಸಿ', ವಿಜ್ಞಾನಿ 'ಡಿ', ಹಾಗೇ ಮುಂದಕ್ಕೆ. 'ಇ'ಯಿಂದ 'ಎಫ್' ಆದ ದಿನ ಮನೆಗೆ ಫೋನ್ ಮಾಡಿ ಹೇಳಿದರೆ, 'ಅದು ಮೇಲಕ್ಕೋ ಕೆಳಕ್ಕೋ?' ಎಂದು ಅವರ ತಾಯಿ ಕೇಳಿದ್ದರಂತೆ. ಶಾಲೆಯಲ್ಲಿ 'ಎ' ಬಂದರೆ ಜಾಣೆ, 'ಎಫ್' ಬಂದರೆ ಫೇಲು ಎಂದೇ ತಿಳಿದವರು ಅವರು. ಬದುಕಿಡೀ ಮಾಡಿದ ಕೆಲಸಕ್ಕೆ ಹೊರಗಿನವರ ಬಾಯಲ್ಲಿ ನಿಲ್ಲುವ ಒಂದು ಹೆಸರು ಇರಲಿಲ್ಲ. ನಿವೃತ್ತಿಯಾದ ಮೇಲೆ ಸಿಕ್ಕ 'ಪ್ರೊಫೆಸರ್' ಆ ಕೊರತೆ ತುಂಬಿತು.

ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಅಕಾಡೆಮಿಗಳು ಈ ಪದವಿ ಕೊಡಬಾರದು ಎಂದು ನಾನು ಹೇಳುತ್ತಿಲ್ಲ. ಕೊಡಬೇಕು. ಕೊಡುವಾಗ ಆ ಪದದ ಅರ್ಥವನ್ನೂ ಜೊತೆಗೆ ಕೊಡಿ ಎನ್ನುವುದಷ್ಟೇ ನನ್ನ ಅಹವಾಲು. ಅಧ್ಯಾಪನ ಇಲ್ಲದ ಪ್ರಾಧ್ಯಾಪಕ ಎಂದರೆ ಕನ್ನಡದಲ್ಲಂತೂ ಕಿವಿಗೆ ಒಂಥರಾ ಕೇಳುತ್ತದೆ.

ಕಾರ್ಯಾಗಾರದ ದಿನ ಏನಾಯಿತು ಎಂದು ಹೇಳುತ್ತೇನೆ. ಮಧ್ಯಾಹ್ನ ಸ್ಪೆಕ್ಟ್ರೋಮೀಟರ್ ಪ್ರಯೋಗ ಇಟ್ಟುಕೊಂಡಿದ್ದೆವು. ಸೋಡಿಯಂ ದೀಪ ಪೂರ್ತಿ ಹಳದಿಗೆ ತಿರುಗಲು ಹತ್ತು ನಿಮಿಷ ಬೇಕು. ತಿರುಗಿತು, ಆಗಲೇ ಕರೆಂಟು ಹೋಯಿತು. ಮತ್ತೆ ಬಂತು, ಮತ್ತೆ ಕಾಯಿಸಿದೆವು, ಮತ್ತೆ ಹೋಯಿತು. ನಾನು ಕ್ಷಮೆ ಕೇಳುವ ಹವಣಿಕೆಯಲ್ಲಿದ್ದೆ. ನಮ್ಮ ಮುಖ್ಯ ಅತಿಥಿ ಮೇಡಂ ಅಲ್ಮೇರಾ ತೆಗೆಸಿ, ಹಳೇ ಪಠ್ಯಪುಸ್ತಕದ ಜೊತೆ ಬಂದಿದ್ದ ಒಂದು ಸಿಡಿಯನ್ನು ಹುಡುಕಿ ತೆಗೆದರು. ತಮ್ಮ ಚೀಲದಿಂದ ಲೇಸರ್ ಪಾಯಿಂಟರ್ ತೆಗೆದರು. ಲೇಬಲ್ಲಿನ ಮೇಲೆ 650 ನ್ಯಾನೋಮೀಟರ್ ಎಂದಿತ್ತು. ಗೋಡೆಯಿಂದ ಸರಿಯಾಗಿ ಒಂದು ಮೀಟರ್ ದೂರದಲ್ಲಿ ಸಿಡಿಯನ್ನು ನಿಲ್ಲಿಸಿ, ಲೇಸರನ್ನು ನೇರ ಬಿಟ್ಟರೆ ಗೋಡೆಯ ಮೇಲೆ ಎರಡೂ ಪಕ್ಕಕ್ಕೆ ಕೆಂಪು ಚುಕ್ಕಿಗಳು. ಮೊದಲ ಚುಕ್ಕಿ ನಡುವಿನಿಂದ 44 ಸೆಂಟಿಮೀಟರ್ ಆಚೆ. ಸಿಡಿಯ ಮೇಲಿನ ಸೂಕ್ಷ್ಮ ಗೆರೆಗಳು ಬೆಳಕನ್ನು ಹಾಗೆ ಪಕ್ಕಕ್ಕೆ ಬಾಗಿಸುತ್ತವೆ, ಎಷ್ಟು ಕೋನಕ್ಕೆ ಎಂಬುದು ಗೆರೆಗಳ ಅಂತರಕ್ಕೆ ಬಿಟ್ಟದ್ದು.

'ಸಿಡಿಯ ಮೇಲಿನ ಗೆರೆಗಳ ಅಂತರ ಎಷ್ಟು, ಹೇಳಿ' ಅಂದರು.

ಒಬ್ಬಳು ಹುಡುಗಿ ಸೈನ್ ಹಾಕಬೇಕಾದ ಕಡೆ ಟ್ಯಾನ್ ಹಾಕಿ 1.48 ಮೈಕ್ರೋಮೀಟರ್ ತೆಗೆದಳು. ಮೇಡಂ ತಪ್ಪು ಎನ್ನಲಿಲ್ಲ. ಎರಡನೇ ಚುಕ್ಕಿಯನ್ನೂ ಅಳೆ ಅಂದರು. ಅದು 1 ಮೀಟರ್ 39 ಸೆಂಟಿಮೀಟರ್ ಆಚೆ ಇತ್ತು. ಅದೇ ಟ್ಯಾನ್ ಲೆಕ್ಕದಲ್ಲಿ ಈ ಸಲ 0.94 ಬಂತು. ಒಂದೇ ಸಿಡಿಗೆ ಎರಡು ಅಂತರ! ಹುಡುಗಿ ಸ್ವಲ್ಪ ಹೊತ್ತು ಗೋಡೆ ನೋಡಿದಳು, ಆಮೇಲೆ ತನ್ನ ನೋಟ್‌ಬುಕ್ ನೋಡಿದಳು, ಆಮೇಲೆ ತಾನೇ ಗೀಟು ಎಳೆದು ಸೈನ್ ಬರೆದಳು. ಎರಡೂ ಚುಕ್ಕಿಗೆ 1.6 ಬಂತು. ಸಿಡಿಯ ಗೆರೆಗಳ ಅಂತರ ಅಷ್ಟೇ. ಸಣ್ಣ ಕೋನದಲ್ಲಿ ಸೈನ್ ಮತ್ತು ಟ್ಯಾನ್ ಹತ್ತಿರ ಹತ್ತಿರ ಇರುತ್ತವೆ, ದೊಡ್ಡ ಕೋನದಲ್ಲಿ ಮೋಸ ಮಾಡುತ್ತವೆ ಎಂದು ನಾನು ವರ್ಷಾ ವರ್ಷ ಬೋರ್ಡಿನ ಮೇಲೆ ಬರೆದಿದ್ದೆ. ಅದನ್ನು ಗೋಡೆಯ ಮೇಲೆ ತೋರಿಸಬಹುದೆಂದು ನನಗೇ ಹೊಳೆದಿರಲಿಲ್ಲ. ಆ ಪ್ರಯೋಗ ನನ್ನ ನಿವೃತ್ತಿಯವರೆಗೂ ನಮ್ಮ ಕಾಲೇಜಿನಲ್ಲಿ ನಡೆಯಿತು.

ಆ ಮಧ್ಯಾಹ್ನ ನನಗೆ ಅವರ ಹೆಸರಿನ ಮುಂದಿನ 'ಪ್ರೊ.' ಸರಿಯಾದ ಜಾಗದಲ್ಲಿ ಕೂತಿದೆ ಅನ್ನಿಸಿತು. ಹಾಗೆಯೇ ಒಂದು ಬೇಜಾರೂ ಆಯಿತು. ಅವರು ಬಂದದ್ದು ಎರಡು ದಿನಕ್ಕೆ, ಅದೂ ತಾವಾಗಿ ಒಪ್ಪಿಕೊಂಡು. ಅವರ ಪದವಿಯ ಷರತ್ತಿನಲ್ಲಿ ಪಾಠದ ಮಾತೇ ಇರಲಿಲ್ಲ ಎಂದು ಊಟಕ್ಕೆ ಕೂತಾಗ ಅವರೇ ಹೇಳಿದರು. ಸಂಶೋಧನೆ ಮುಂದುವರಿಸಬೇಕು, ವರ್ಷಕ್ಕೊಂದು ವರದಿ ಕಳಿಸಬೇಕು, ಅಷ್ಟೆ.

'ಪಾಠದ ಹೊರೆ ಹಾಕಿದರೆ ಸಂಶೋಧನೆ ಕೆಡುತ್ತದೆ' ಎಂದು ನೀವು ಹೇಳುತ್ತೀರಿ, ಗೊತ್ತು. ಆ ಮಾತಿಗೆ ತೂಕವಿದೆ. ಬ್ರಿಟನ್ನಿನ ವಿಜ್ಞಾನ ಅಕಾಡೆಮಿಯಾದ ರಾಯಲ್ ಸೊಸೈಟಿ 1922ರಿಂದಲೇ ಸಂಶೋಧನಾ ಪ್ರಾಧ್ಯಾಪಕರನ್ನು ನೇಮಿಸುತ್ತಿದೆ. ಮೊದಲಿಗರು ಹಾರ್ಮೋನ್ ಎಂಬ ಪದವನ್ನು ಚಲಾವಣೆಗೆ ತಂದ ಅರ್ನೆಸ್ಟ್ ಸ್ಟಾರ್ಲಿಂಗ್. ಸಂಬಳ ಕೊಟ್ಟು, ತರಗತಿ ಮತ್ತು ಆಡಳಿತದ ಕಾಟದಿಂದ ಬಿಡಿಸುವುದೇ ಆ ಪದವಿಯ ಉದ್ದೇಶ. ರಸಾಯನ ವಿಜ್ಞಾನಿ ಡೊರೊಥಿ ಹಾಡ್ಜ್‌ಕಿನ್ 1960ರಲ್ಲಿ ಅಂಥ ಪ್ರಾಧ್ಯಾಪಕಿಯಾದರು, 1964ರಲ್ಲಿ ನೊಬೆಲ್ ಬಂತು, 1969ರಲ್ಲಿ ಇನ್ಸುಲಿನ್‌ನ ರಚನೆ ಬಿಡಿಸಿದರು. ಅವರು ಇನ್ಸುಲಿನ್ ಹರಳನ್ನು ಮೊದಲು ಎಕ್ಸ್-ಕಿರಣಕ್ಕೆ ಒಡ್ಡಿದ್ದು 1930ರ ದಶಕದಲ್ಲಿ. ಮೂವತ್ತು ವರ್ಷಕ್ಕೂ ಮೀರಿ ಒಂದೇ ಹರಳಿನ ಹಿಂದೆ ಬೀಳಲು ಪುರುಸೊತ್ತು ಬೇಕು, ಆ ಪುರುಸೊತ್ತಿಗೆ ಯಾರಾದರೂ ದುಡ್ಡು ಕೊಡಬೇಕು. ಒಪ್ಪಿದೆ.

ಆದರೆ ಅಲ್ಲಿ ಬಿಡುಗಡೆ ಸಿಕ್ಕಿದ್ದು ಪಾಠ ಮಾಡುತ್ತಿದ್ದವರಿಗೆ. ಹಾಡ್ಜ್‌ಕಿನ್ ಅದಕ್ಕೂ ಮುಂಚೆ ವರ್ಷಗಟ್ಟಲೆ ಆಕ್ಸ್‌ಫರ್ಡಿನ ಕಾಲೇಜಿನಲ್ಲಿ ಹುಡುಗಿಯರಿಗೆ ರಸಾಯನಶಾಸ್ತ್ರ ಹೇಳಿಕೊಟ್ಟವರು. ನಮ್ಮಲ್ಲಿ ಸ್ವಾತಂತ್ರ್ಯಾನಂತರ ಸಂಶೋಧನೆಯ ದೊಡ್ಡ ಪಾಲನ್ನು ವಿಶ್ವವಿದ್ಯಾಲಯಗಳ ಹೊರಗೆ, ಪ್ರಯೋಗಾಲಯಗಳಲ್ಲಿ ಕಟ್ಟಿದೆವು. ಅಲ್ಲಿನ ಹೆಚ್ಚಿನ ವಿಜ್ಞಾನಿಗಳು ಪಾಠ ಹೇಳಲು ಪದವಿ ತರಗತಿಯ ಮೆಟ್ಟಿಲನ್ನೇ ಹತ್ತಿಲ್ಲ. ಪಾಠವೇ ಇಲ್ಲದವರನ್ನು ಪಾಠದಿಂದ ಬಿಡುಗಡೆ ಮಾಡುವುದು ಏನು ಲೆಕ್ಕ? ಅವರಿಗೆ ಬೇಕಾದದ್ದು ತಿರುಗುಮುರುಗಾದ ಅವಕಾಶ, ಪಾಠ ಮಾಡುವ ಅವಕಾಶ. (ಸಿಎಸ್‌ಐಆರ್ ಎಂಬ ರಾಷ್ಟ್ರೀಯ ಪ್ರಯೋಗಾಲಯಗಳ ಮಂಡಳಿ ತನ್ನ ವಿಜ್ಞಾನಿಗಳನ್ನು ಸೇರಿಸಿ ಪಿಎಚ್‌.ಡಿ. ಕೊಡುವ ಸಂಸ್ಥೆಯೊಂದನ್ನು ಸಂಸತ್ತಿನ ಕಾಯ್ದೆಯ ಮೂಲಕ ಕಟ್ಟಿಕೊಂಡಿದೆ, ಅಲ್ಲಿ ಅವರು ಪ್ರೊಫೆಸರ್ ಎನಿಸಿಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ಅದು ಸಂಶೋಧನಾ ವಿದ್ಯಾರ್ಥಿಗಳ ಲೋಕ. ಬಿ.ಎಸ್‌ಸಿ. ಎರಡನೇ ವರ್ಷದ ಹುಡುಗಿಗೆ ಅವರು ಕಾಣಿಸುವುದಿಲ್ಲ.)

ರಾಮನ್ ಅವರ ಉದಾಹರಣೆಯನ್ನೇ ತೆಗೆದುಕೊಳ್ಳಿ. ಕಲ್ಕತ್ತಾ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಪೀಠಕ್ಕೆ ಅವರು 1917ರಲ್ಲಿ ಬಂದಾಗ ಹಣಕಾಸು ಇಲಾಖೆಯ ದೊಡ್ಡ ಸಂಬಳ ಬಿಟ್ಟು ಸಣ್ಣ ಸಂಬಳಕ್ಕೆ ಬಂದರು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಎಲ್ಲರೂ ಹೇಳದ ಇನ್ನೊಂದು ಸಂಗತಿಯಿದೆ. ಸಂಶೋಧನೆಗೆ ಧಕ್ಕೆಯಾಗುವಂತೆ ಎಂ.ಎ., ಎಂ.ಎಸ್‌ಸಿ. ತರಗತಿಗಳ ಪಾಠ ತೆಗೆದುಕೊಳ್ಳಬೇಕಾಗಿಲ್ಲ ಎಂದು ಆ ಪೀಠದಲ್ಲಿ ಅವರಿಗೆ ವಿನಾಯಿತಿ ಇತ್ತು. ಆದರೂ ಪಾಠ ತೆಗೆದುಕೊಂಡರು. ಅವರ ಹೆಸರಿನ 'ರಾಮನ್ ಪರಿಣಾಮ' 1928ರಲ್ಲಿ ಕಂಡದ್ದು ಹಾಗೆ ಪಾಠ ಮಾಡುತ್ತಿದ್ದ ದಿನಗಳಲ್ಲೇ. ಮುಂದೆ ಅವರು ದೇಶದ ಮೊದಲ ರಾಷ್ಟ್ರೀಯ ಪ್ರಾಧ್ಯಾಪಕರಾದರು. ಅವರ ಹೆಸರಿನ ಪೀಠವೊಂದು 1972ರಿಂದ ಬೆಂಗಳೂರಿನ ಅಕಾಡೆಮಿಯಲ್ಲಿದೆ: ಹೊರಗಿನ ದೊಡ್ಡ ವಿಜ್ಞಾನಿಗಳು ಆರು ವಾರದಿಂದ ಆರು ತಿಂಗಳವರೆಗೆ ಬಂದಿದ್ದು ಹೋಗುವ ಪೀಠ. ಆ ಅವಧಿಯ ಮಿತಿ ನನಗೆ ಬಹಳ ಹಿಡಿಸುತ್ತದೆ. ಬಂದರು, ಉಪನ್ಯಾಸ ಕೊಟ್ಟರು, ಹೋದರು. ಆಜೀವ ಪರ್ಯಂತ ಹೆಸರಿಗೆ ಅಂಟಿಕೊಳ್ಳುವ ಬಾಬತ್ತಲ್ಲ. ಆ ಉಪನ್ಯಾಸಗಳು ಹೆಚ್ಚಾಗಿ ದೊಡ್ಡ ಸಂಸ್ಥೆಗಳ ಸಭಾಂಗಣದಲ್ಲೇ ಮುಗಿಯುತ್ತವೆ ಎಂಬುದೊಂದೇ ನನ್ನ ತಕರಾರು.

ರಷ್ಯಾದ ದಾರಿ ಬೇರೆ. ಅಲ್ಲಿನ ವಿಜ್ಞಾನ ಅಕಾಡೆಮಿ 2015ರಲ್ಲಿ 'ಅಕಾಡೆಮಿಯ ಪ್ರೊಫೆಸರ್' ಎಂಬ ಗೌರವ ಪದವಿ ಹುಟ್ಟುಹಾಕಿತು. ಅದಕ್ಕೂ ಎರಡು ವರ್ಷ ಹಿಂದೆ ಸರ್ಕಾರ ಅಕಾಡೆಮಿಯ ಕೈಯಿಂದ ಸಂಶೋಧನಾ ಸಂಸ್ಥೆಗಳ ಆಡಳಿತವನ್ನು ಕಿತ್ತುಕೊಂಡಿತ್ತು. ಮುಪ್ಪಾಗುತ್ತಿದ್ದ ಮನೆಗೆ ಹೊಸ ನೆತ್ತರು ಬೇಕಿತ್ತು. ಐವತ್ತು ವರ್ಷದೊಳಗಿನ ವಿಜ್ಞಾನಿಗಳಿಗೆ ಎಂದು ನಿಯಮ ಮಾಡಿ ಮೊದಲ ಕಂತಿನಲ್ಲೇ ಸುಮಾರು 500 ಮಂದಿಗೆ ಹಂಚಿದರು. ಅಲ್ಲಿ ಪಾಠ ಮಾಡಿದವರಿಗೆ ಸರ್ಕಾರ ಕೊಡುವ 'ಪ್ರೊಫೆಸರ್' ಬೇರೆ ಇದೆ; ಇದಕ್ಕೆ ಪಾಠದ ಹಂಗಿಲ್ಲ. ಮರುವರ್ಷ ಅಕಾಡೆಮಿಯ ಸದಸ್ಯತ್ವಕ್ಕೆ ಚುನಾವಣೆ ನಡೆದಾಗ ಈ ಹೊಸ ಪ್ರೊಫೆಸರುಗಳಲ್ಲಿ ಹಲವರು ಒಳಗೆ ಹೋದರು. ಅಂದರೆ ಪದವಿ ಒಂದು ವೇಟಿಂಗ್ ರೂಮಾಯಿತು.

ಇದರಲ್ಲಿ ನಾವು ಕಲಿಯಬೇಕಾದ ಒಂದು ಅಂಶ ಇದೆ, ವಯಸ್ಸು. ನಮ್ಮಲ್ಲಿ ಅಕಾಡೆಮಿ ಪ್ರಾಧ್ಯಾಪಕ ಪದವಿ ಬರುವ ಹೊತ್ತಿಗೆ ಪಿಂಚಣಿ ಕಾಗದವೂ ಬಂದಿರುತ್ತದೆ. ನಿವೃತ್ತರಿಗೆ ಕೂರಲು ಒಂದು ಕೋಣೆ, ಕೆಲಸ ಮುಂದುವರಿಸಲು ಒಂದಿಷ್ಟು ಹಣ ಸಿಗುವುದು ತಪ್ಪಲ್ಲ. ಪ್ರೋಟೀನುಗಳ ರಚನೆ ಬಿಡಿಸಿದ ಜಿ.ಎನ್. ರಾಮಚಂದ್ರನ್ ಅವರಂಥವರು 1980ರ ದಶಕದಲ್ಲಿ ಐನ್‌ಸ್ಟೈನ್ ಹೆಸರಿನ ಪ್ರಾಧ್ಯಾಪಕರಾಗಿದ್ದರು ಎಂದರೆ ಯಾರಿಗೆ ಬೇಸರ? ಆದರೆ ನಲವತ್ತರ ವಿಜ್ಞಾನಿ ಕಾಲೇಜಿಗೆ ಬಂದು ನಿಂತರೆ ಹುಡುಗರು ಕೇಳುವ ಪ್ರಶ್ನೆಯೇ ಬೇರೆ. 'ನಾನೂ ಆಗಬಹುದಾ' ಎಂಬುದನ್ನು ಎಪ್ಪತ್ತರವರ ಹತ್ತಿರ ಯಾರೂ ಕೇಳುವುದಿಲ್ಲ, ಆಶೀರ್ವಾದ ಕೇಳುತ್ತಾರೆ.

ಸಂವಿಧಾನದ ಮಾತೂ ಒಂದಿದೆ. 18ನೇ ವಿಧಿಯ ಪ್ರಕಾರ ಪ್ರಭುತ್ವ ಬಿರುದು ಕೊಡುವಂತಿಲ್ಲ. ಸೇನೆಯ ಮತ್ತು ವಿದ್ವತ್ತಿನ ಗೌರವಗಳಿಗೆ ಮಾತ್ರ ವಿನಾಯಿತಿ. 1995ರ ಡಿಸೆಂಬರಿನಲ್ಲಿ ಪದ್ಮ ಪ್ರಶಸ್ತಿಗಳನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟು ಕೂಡ ಅವನ್ನು ಹೆಸರಿನ ಹಿಂದೆ ಮುಂದೆ ಅಂಟಿಸಿಕೊಳ್ಳಬಾರದು ಎಂದಿತು. ಕಾರ್ಡಿನ ಮೇಲೆ ಪದ್ಮಭೂಷಣ ಬರುವಂತಿಲ್ಲ, ಪ್ರೊಫೆಸರ್ ಬರಬಹುದು. ನನಗೆ ತೋರುವ ಕಾರಣ ಇಷ್ಟು: ಕ್ಯಾಪ್ಟನ್ ಎಂದರೆ ಒಂದು ಕೆಲಸ, ಪ್ರೊಫೆಸರ್ ಎಂದರೂ ಒಂದು ಕೆಲಸ. ಕೆಲಸ ಕಳಚಿ ಹೆಸರು ಮಾತ್ರ ಉಳಿಸಿಕೊಂಡರೆ ಅದಕ್ಕೂ ರಾಯ್‌ಬಹದ್ದೂರ್‌ಗೂ ಏನು ಅಂತರ ಉಳಿಯಿತು?

ಈಗ ಕೇಳಬೇಕಾದದ್ದನ್ನು ಕೇಳಿಬಿಡುತ್ತೇನೆ. ಅಕಾಡೆಮಿ ಪ್ರಾಧ್ಯಾಪಕ ಎಂದು ಯಾರನ್ನು ಆರಿಸಿದರೂ ಆದೇಶದ ಜೊತೆಗೆ ಒಂದು ಟೈಮ್‌ಟೇಬಲ್ ಹೋಗಲಿ. ವರ್ಷಕ್ಕೆ ಆರು ವಾರ ಸಾಕು. ಅದು ಅವರದೇ ಸಂಸ್ಥೆಯಲ್ಲಲ್ಲ, ಸಂಶೋಧನೆಯ ಗಂಧಗಾಳಿ ಇಲ್ಲದ ಪದವಿ ಕಾಲೇಜೊಂದರಲ್ಲಿ. ಉದ್ಘಾಟನಾ ಭಾಷಣ ಲೆಕ್ಕಕ್ಕಿಲ್ಲ. ಶಾಲು, ಹಾರ, ಸ್ಮರಣಿಕೆ ಇರುವ ಯಾವ ಕಾರ್ಯಕ್ರಮವೂ ಲೆಕ್ಕಕ್ಕಿಲ್ಲ. ಪ್ರಾಕ್ಟಿಕಲ್ ತರಗತಿ ಮಾತ್ರ ಲೆಕ್ಕಕ್ಕೆ. ಬೋರ್ಡಿನ ಮೇಲೆ ಬರೆಯುವುದನ್ನು ನಾವು ಹೇಗೋ ಮಾಡಿಕೊಳ್ಳುತ್ತೇವೆ. ಅಳತೆ ತಪ್ಪಿದಾಗ ಏನು ಮಾಡಬೇಕು ಎಂಬುದು ಪ್ರಯೋಗಾಲಯದಲ್ಲಿ ಬದುಕಿದವರಿಗೇ ಗೊತ್ತು. ಅವಧಿ ಮುಗಿದ ಮೇಲೆ 'ಪ್ರೊ.' ಕೂಡ ಕಳಚಲಿ. ಮತ್ತೆ ಬೇಕೆಂದರೆ ಮತ್ತೆ ಬರಲಿ.

ಇನ್ನೊಂದು ಕೋರಿಕೆ ಇದೆ, ಇದಕ್ಕೆ ನೀವು ನಗಬಹುದು. ಅದೇ ಪದವಿಯನ್ನು ಎದುರು ದಿಕ್ಕಿನಲ್ಲೂ ಕೊಡಿ. 2022ರಲ್ಲಿ ಯುಜಿಸಿ ಉದ್ಯಮ, ಕಲೆ, ಆಡಳಿತದ ಅನುಭವಿಗಳನ್ನು 'ಪ್ರೊಫೆಸರ್ ಆಫ್ ಪ್ರ್ಯಾಕ್ಟಿಸ್' ಎಂದು ನೇಮಿಸಲು ದಾರಿ ಮಾಡಿತು. ಅದಕ್ಕೆ ಪಿಎಚ್‌.ಡಿ. ಕೂಡ ಬೇಕಿಲ್ಲ, ಮಂಜೂರಾದ ಹುದ್ದೆಗಳ ಶೇ. 10ರವರೆಗೆ ಇರಬಹುದು. ಕಂಪನಿಯ ಮ್ಯಾನೇಜರ್ ಪ್ರೊಫೆಸರ್ ಆಗಬಹುದಾದರೆ, ಹದಿನೈದು ವರ್ಷದಿಂದ ಅತಿಥಿ ಉಪನ್ಯಾಸಕಿಯಾಗಿ ದಿನಕ್ಕೆ ನಾಲ್ಕು ತರಗತಿ ತೆಗೆದುಕೊಳ್ಳುತ್ತಿರುವ ಹೆಣ್ಣುಮಗಳು ಯಾಕಾಗಬಾರದು? ಪ್ರತಿವರ್ಷ ಜೂನ್ ಬಂದರೆ ಕೆಲಸ ಇದೆಯೋ ಇಲ್ಲವೋ ಎಂದು ಪಟ್ಟಿಯಲ್ಲಿ ಹೆಸರು ಹುಡುಕುವ ಅತಿಥಿ ಅವರು. ಯಾವ ಮನೆಯಲ್ಲೂ ಅತಿಥಿಗೆ ಇಷ್ಟು ಕೆಲಸ ಹಚ್ಚುವುದಿಲ್ಲ. ಅಂಥವರಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಮಂದಿಯನ್ನು ಆರಿಸಿ, ಅಕಾಡೆಮಿಯ ಪ್ರಾಧ್ಯಾಪಕರೆಂದು ಕರೆದು, ಒಂದು ವರ್ಷ ಒಳ್ಳೆಯ ಪ್ರಯೋಗಾಲಯದಲ್ಲಿ ಕೂರಿಸಿ, ಸಂಬಳ ಕೊಡಿ. ಒಳ್ಳೆಯ ಶಿಕ್ಷಕರಿಗೆ ನೀವು ಪ್ರಶಸ್ತಿ ಕೊಡುತ್ತೀರಿ ಎಂದು ಬಲ್ಲೆ. ಪ್ರಶಸ್ತಿ ಗೋಡೆಗೆ ಹೋಗುತ್ತದೆ. ನಾನು ಕೇಳುತ್ತಿರುವುದು ಒಂದು ಕುರ್ಚಿ, ಒಂದು ಉಪಕರಣ, ಒಂದು ವರ್ಷ.

'ಮಾನದಂಡ ಕುಸಿಯುತ್ತದೆ' ಎಂದು ಸಭೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಅವರಿಗೆ ಭೌತವಿಜ್ಞಾನಿ ಸತ್ಯೇಂದ್ರನಾಥ ಬೋಸರ ಹೆಸರು ನೆನಪಿಸಿ. ಬೋಸರಿಗೆ ಪಿಎಚ್‌.ಡಿ. ಇರಲಿಲ್ಲ. ಢಾಕಾದಲ್ಲಿ ಪ್ರಾಧ್ಯಾಪಕರಾಗಲು ಐನ್‌ಸ್ಟೈನ್ ಅವರ ಶಿಫಾರಸು ಪತ್ರ ಬೇಕಾಯಿತು. ಅವರ ಹೆಸರಲ್ಲಿ ಈಗ ಸಂಶೋಧನಾ ಪ್ರಾಧ್ಯಾಪಕ ಪದವಿಯೇ ಇದೆ. ಅವರು ಜಗತ್ಪ್ರಸಿದ್ಧರಾದ ಆ ಲೇಖನದ ಮೂಲವೂ ತರಗತಿಯೇ: ಬಿಸಿ ವಸ್ತು ಸೂಸುವ ಬೆಳಕಿನ ಲೆಕ್ಕ ಹೇಳುವ ಪ್ಲಾಂಕ್ ನಿಯಮವನ್ನು ವಿದ್ಯಾರ್ಥಿಗಳಿಗೆ ಒಪ್ಪುವಂತೆ ವಿವರಿಸಲು ಹೋಗಿ, ಇರುವ ವಿವರಣೆ ತಮಗೇ ಒಪ್ಪಿಗೆಯಾಗದೆ, ಬೆಳಕಿನ ಕಣಗಳನ್ನು ಎಣಿಸುವ ಹೊಸ ಬಗೆಯನ್ನೇ ಹುಡುಕಿಬಿಟ್ಟರು.

ಈ ಪತ್ರವನ್ನು ಓದಿ ಯಾರನ್ನಾದರೂ ಕಳಿಸುವ ಮನಸ್ಸಾದರೆ, ನಮ್ಮ ಹಳೇ ಕಾಲೇಜಿನಲ್ಲಿ ಬಿ.ಎಸ್‌ಸಿ. ಪ್ರಾಕ್ಟಿಕಲ್ ಇರುವುದು ಮಂಗಳವಾರ ಮತ್ತು ಶುಕ್ರವಾರ, ಮಧ್ಯಾಹ್ನ ಎರಡರಿಂದ. ಈಗ ಅದನ್ನು ನೋಡಿಕೊಳ್ಳುತ್ತಿರುವುದು ಅತಿಥಿ ಉಪನ್ಯಾಸಕಿ. ಆಗ ಟ್ಯಾನ್ ಹೊಡೆದುಹಾಕಿ ಸೈನ್ ಬರೆದವಳು ಅವಳೇ. ಮೇಡಂ ಬಿಟ್ಟುಹೋದ ಲೇಸರ್ ಪಾಯಿಂಟರ್ ಅಲ್ಮೇರಾದ ಮೇಲಿನ ಅರೆಯಲ್ಲಿ, ಸಿಡಿಯ ಪಕ್ಕದಲ್ಲೇ ಇದೆ. ಬರುವವರು ಎರಡು ಸೆಲ್ ತಂದರೆ ಒಳ್ಳೆಯದು.

ಇತಿ,
ನಿವೃತ್ತ ಭೌತಶಾಸ್ತ್ರ ಮೇಷ್ಟ್ರು